ರಸ್ತೆ ದಾಟಿದ ತಟ್ಟೆ

ಇಗ್ಸಾನ್‌ನನ್ನು ಮಣ್ಣಿಗೆ ಒಪ್ಪಿಸಿದ ಮೇಲೆ ಬಂದ ಮೊದಲ ರಂಜಾನ್ ಅದು. ನನ್ನ ಕಿರಿಯ ಮೊಮ್ಮಗ. ಬ್ರೆಡ್ ತರಲು ಹೋದವನಿಗೆ ರಸ್ತೆಯ ಆಚೆಬದಿಯ ಗ್ಯಾಂಗಿನವನ ಗುಂಡು ತಗುಲಿತು. ಹೊಡೆದವನು ಈಗ ಜೈಲಿನಲ್ಲಿದ್ದಾನೆ. ಎಲ್ಲವೂ ಅಲ್ಲಾಹನ ಇಚ್ಛೆ ಎಂದು ನಾಲಿಗೆ ಹೇಳುತ್ತದೆ. ಕೈ ಮಾತ್ರ ಇವತ್ತಿಗೂ ಆ ಮಗುವಿನ ಪಾಲನ್ನು ಎತ್ತಿಡುತ್ತದೆ.

ಊರಂಚಿನ ನಮ್ಮ ಬಡಾವಣೆ ಕೇಪ್ ಫ್ಲಾಟ್ಸ್‌ನಲ್ಲಿ ಉಪವಾಸ ಬಿಡುವ ಹೊತ್ತಿಗೆ ಮನೆಮನೆಯಿಂದ ನೆರೆಯವರೊಡನೆ ಹಂಚಿಕೊಳ್ಳುವ ಬರ್ಕತ್ತಿನ ತಟ್ಟೆ ಹೊರಡುತ್ತದೆ. ಒಳಗೆ ಬಿಸಿ ಸಮೋಸ, ಮೇಲೆ ಹೆಣೆದ ಬಿಳಿ ಬಟ್ಟೆ. ನೆರೆಯವರು ಮುಸ್ಲಿಮರೋ ಕ್ರೈಸ್ತರೋ ಎಂದು ಕೇಳುವವರಿಲ್ಲ. ಆದರೆ ಗ್ಯಾಂಗುಗಳು ರಸ್ತೆಯನ್ನು ಗಡಿ ಮಾಡಿಕೊಂಡ ಮೇಲೆ ನಮ್ಮ ತಟ್ಟೆಗಳೂ ಆ ಗಡಿಯಲ್ಲೇ ನಿಂತುಬಿಟ್ಟಿದ್ದವು.

ಅಂದು ಕ್ರೈಸ್ತರ ಶುಭ ಶುಕ್ರವಾರವೂ ಹೌದು. ನಮ್ಮ ಹುಡುಗರು ಜುಮ್ಮಾ ನಮಾಜು ಮುಗಿಸಿ ಬರುವಷ್ಟರಲ್ಲಿ ಎಲ್ಲರ ಫೋನಿಗೂ ಯಾರದೋ ದನಿಯ ಸಂದೇಶ ಬಂತು: “ಇಗ್ಸಾನ್‌ನ ಕೊಂದವನ ತಮ್ಮ ಇವತ್ತು ಅವರಮ್ಮನ ಮನೆಗೆ ಬಂದಿದ್ದಾನೆ. ಗಂಡಸರಿದ್ರೆ ಸಂಜೆಯೊಳಗೆ ಸೇರಿ.”

ಇಗ್ಸಾನ್‌ನ ಅಣ್ಣ ತಶ್ರೀಕ್ ಅದನ್ನು ಮತ್ತೆ ಮತ್ತೆ ಕೇಳಿದ. ಆಮೇಲೆ ಮಾತಿಲ್ಲದೆ ಕೂತು ಶೂ ಕಟ್ಟತೊಡಗಿದ. ಅವನ ತಾಯಿ, ನನ್ನ ಸೊಸೆ ಶಿರೀನ್, ಬಾಗಿಲಿಗೆ ಅಡ್ಡ ನಿಂತಳು.

“ಎಲ್ಲಿಗೋ?”

“ಸುಮ್ನೆ. ಕೆಳಗೆ.”

“ಉಪವಾಸ ಇಟ್ಕೊಂಡು ಸುಳ್ಳು ಹೇಳ್ತೀಯಾ?”

ನಾನು ಸೊಸೆಗೆ ಹೇಳಿದೆ, “ಶಿರೀನ್, ಡೆನ್ವರ್‌ಗೆ ಫೋನ್ ಮಾಡು.”

ಡೆನ್ವರ್ ಸರ್ಕಾರದ ಶಾಂತಿ ಕಚೇರಿಯವನು. ಹಿಂದೆ ತಾನೂ ಗ್ಯಾಂಗಿನಲ್ಲಿದ್ದು ಜೈಲು ಕಂಡು ಬಂದವನು. ಸೇಡಿನ ಸುದ್ದಿ ಸಿಕ್ಕಾಗ ರಕ್ತ ಬೀಳುವ ಮೊದಲೇ ಹೋಗಿ ತಡೆಯುವುದು ಅವನ ಕೆಲಸ.

“ಸರ್ಕಾರಾನಾ?” ಶಿರೀನ್ ಕಿಡಿಕಾರಿದಳು. “ಮಿಲಿಟರಿ ಟ್ರಕ್ಕು ತಂದ್ರು, ಮೂಲೇಲಿ ನಿಂತು ಫೋಟೋ ಹೊಡೆಸ್ಕೊಂಡ್ರು, ಹೋದ್ರು. ಮಾರನೇ ವಾರ ಮತ್ತೆ ಗುಂಡು. ಈಗ ಇವನ ಹೆಸರು ಹೇಳಿದ್ರೆ ನೇರ ಪೊಲೀಸ್ ವ್ಯಾನು ಬರತ್ತೆ. ಒಬ್ಬನ್ನ ಮಣ್ಣಿಗೆ ಕೊಟ್ಟೆ ಅಮ್ಮಾ. ಇವನನ್ನ ಜೈಲಿಗೆ ಕೊಡಲಾ?”

“ಇವನು ಹೋಗಿ ಬಂದ ಮೇಲೆ ಬರೋದು ಅದೇ ವ್ಯಾನು ಕಣೇ. ಇಲ್ದಿದ್ರೆ ಹೆಣದ ಗಾಡಿ.”

ಅವಳು ಫೋನು ಮಾಡಿದಳು.

ಡೆನ್ವರ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. “ಆಂಟಿ ರುಗಯ್ಯಾ, ಗ್ಯಾಂಗಿನವರು ಬಿಟ್ರೂ ನಿಮ್ಮ ಮೆಟ್ಲು ನನ್ನ ಬಿಡಲ್ಲ. ನೀರು ಕೇಳೋಣ ಅಂದ್ರೆ ರಂಜಾನು.”

“ನೀನು ಚರ್ಚಿಗೆ ಹೋಗೋನು, ನಿನಗ್ಯಾವ ಉಪವಾಸ? ಕುಡಿ.”

ನೀರು ಕುಡಿದು ತಶ್ರೀಕ್‌ನ ಪಕ್ಕ ಕೂತ. “ಈ ದನಿ ಯಾರದು ಮಗಾ?”

“ಗೊತ್ತಿಲ್ಲ.”

“ಗೊತ್ತಿಲ್ದೋರ ಮಾತು ಕೇಳೇ ನಾನು ಒಳಗೆ ಹೋದದ್ದು. ಹುರಿದುಂಬಿಸಿದೋರಲ್ಲಿ ಒಬ್ಬನೂ ನನ್ನ ನೋಡೋಕೆ ಬರಲಿಲ್ಲ. ನನ್ನಮ್ಮ ಬರ್ತಿದ್ರು, ಎರಡು ಬಸ್ಸು ಬದಲಾಯಿಸ್ಕೊಂಡು.”

ಆಚೆಬದಿ ನೋಡಿಕೊಳ್ಳುವವಳು ಅವನ ಜೊತೆಗಾರ್ತಿ ಶಾಂಟೆಲ್. ಅವನು ಅವಳಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟ.

“ಅದೇ ದನಿ ಇಲ್ಲಿಗೂ ಬಂದಿದೆ,” ಎಂದಳು ಶಾಂಟೆಲ್. “ಆಚೆಯವರು ಹೊಡಿಯೋಕೆ ಬರ್ತಾರೆ, ತಯಾರಿರಿ ಅಂತ. ಇಲ್ಲಿ ಹುಡುಗರು ಕಾಯ್ತಾ ಇದ್ದಾರೆ. ಆ ತಮ್ಮ ಪಾಪ ಯಾವ ಗ್ಯಾಂಗಿಗೂ ಸೇರಿದೋನಲ್ಲ. ಅಮ್ಮನ ಹಿಂದೆ ಕೂತು ನಡುಗ್ತಾ ಇದ್ದಾನೆ.”

ತಶ್ರೀಕ್‌ನ ಬೆರಳು ಶೂದಾರದ ಮೇಲೆ ನಿಂತಿತು. “ಇಗ್ಸಾನೂ ಸೇರಿರಲಿಲ್ಲ,” ಎಂದ. ಅಷ್ಟು ತಿಂಗಳಲ್ಲಿ ತಮ್ಮನ ಹೆಸರು ಅವನ ಬಾಯಲ್ಲಿ ಬಂದದ್ದು ಅಂದೇ ಮೊದಲು. ಅವನು ಅತ್ತ. ಡೆನ್ವರ್ ಅವನ ಬೆನ್ನ ಮೇಲೆ ಕೈಯಿಟ್ಟ.

ಆಮೇಲೆ ಡೆನ್ವರ್ ಈಚೆಯ ಗ್ಯಾಂಗಿನ ಮುಖಂಡರ ಬಳಿ ಹೋದ, ಶಾಂಟೆಲ್ ಆಚೆಯವರ ಬಳಿ. ಸಂಜೆಯ ಹೊತ್ತಿಗೆ ಅವನು ಬಂದು ಹೇಳಿದ, “ಈದ್ ಮುಗಿಯೋವರೆಗೆ ಯಾರೂ ಬಂದೂಕು ಮುಟ್ಟಲ್ಲ ಅಂತ ಒಪ್ಪಿದ್ದಾರೆ. ಅಷ್ಟರಲ್ಲಿ ಮುಂದಿನ ಮಾತು ಆಡ್ತೀವಿ.”

“ಹಾಗಾದ್ರೆ ಇವತ್ತು ರಸ್ತೆ ದಾಟಬಹುದಾ?” ಎಂದು ಕೇಳಿದೆ.

ಅವನು ಶಾಂಟೆಲ್‌ಗೆ ತಿಳಿಸಿ, ಎರಡೂ ಕಡೆಗೆ ಹೇಳಿಸಿ, ನನ್ನ ಜೊತೆಗೇ ನಡೆದ. ನನ್ನ ಕೈಯಲ್ಲಿ ತಟ್ಟೆಯಿತ್ತು. ಎರಡೂ ಬದಿಯ ಕಿಟಕಿಗಳಲ್ಲಿ ಮುಖಗಳಿದ್ದವು. ಬಾಗಿಲು ತೆರೆದವಳು ಲವೋನಾ, ಜೈಲಿನಲ್ಲಿರುವವನ ತಾಯಿ. ತಟ್ಟೆ ನೋಡಿ ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

“ಆಂಟಿ, ಯಾವ ಮುಖ ಇಟ್ಕೊಂಡು ತಗೊಳ್ಳಲಿ?”

“ತಗೋಮ್ಮ. ಸಮೋಸ ಆರತ್ತೆ.”

ನಮ್ಮಲ್ಲಿ ತಟ್ಟೆ ಬರಿದಾಗಿ ಮರಳಬಾರದು. ಅವಳು ಶುಭ ಶುಕ್ರವಾರಕ್ಕೆಂದು ಮಾಡಿದ್ದ ಹುಳಿಮೀನು ಬಡಿಸಿ, ಅದೇ ಬಿಳಿ ಬಟ್ಟೆ ಮುಚ್ಚಿದಳು. ಅದನ್ನು ನನ್ನ ಕೈಗೆ ತಂದುಕೊಟ್ಟವನು ಆ ತಮ್ಮ. ಅವನ ಮುಖದಲ್ಲಿ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ.

ನಾನು ಮನೆ ತಲುಪುವಷ್ಟರಲ್ಲಿ ಉಪವಾಸ ಬಿಡುವ ಮಗ್ರಿಬ್ ಅಜಾನ್ ಆಯಿತು. ತಶ್ರೀಕ್ ಖರ್ಜೂರ ತಿಂದ, ನೀರು ಕುಡಿದ. ಮುಂದಿದ್ದ ಮೀನನ್ನು ಬಹಳ ಹೊತ್ತು ನೋಡಿ ಒಂದು ತುಣುಕು ಬಾಯಿಗಿಟ್ಟ.

“ಹುಳಿ ಜಾಸ್ತಿಯಾಗಿದೆ, ಓಮಾ,” ಎಂದ. ಅಜ್ಜಿಯನ್ನು ನಮ್ಮ ಮಕ್ಕಳು ಕರೆಯುವುದು ಹಾಗೆ. ಇನ್ನೊಂದು ತುಣುಕು ತೆಗೆದುಕೊಂಡ. ಆಮೇಲೆ ಬಗ್ಗಿ ಶೂ ಬಿಚ್ಚಿದ.

ಈಗ ಅವನು ಶಾಂತಿ ಕಚೇರಿಯವರು ಸೇರಿಸಿದ ವೆಲ್ಡಿಂಗ್ ತರಗತಿಗೆ ಹೋಗುತ್ತಾನೆ. ದುಃಖದ ಮಾತು ಕೇಳಿಸಿಕೊಳ್ಳಲು ಆ ಕಚೇರಿಯಲ್ಲಿ ಒಬ್ಬ ತಾಯಿಯಿದ್ದಾರೆ. ಅವರ ಬಳಿಗೂ ಹೋಗುತ್ತಾನೆ. ನಮ್ಮ ಬೀದಿಯಲ್ಲಿ ಗುಂಡಿನ ಸದ್ದು ಪೂರ್ತಿ ನಿಂತಿಲ್ಲ. ಆದರೆ ಈಗ ಸದ್ದಿಗಿಂತ ಮೊದಲು ಶಾಂತಿ ಕಚೇರಿಗೆ ಫೋನು ಹೋಗುತ್ತದೆ. ಮೊನ್ನೆ ಪಕ್ಕದ ಮನೆಯವಳಿಗೆ ಆ ನಂಬರು ಬರೆದುಕೊಟ್ಟವಳು ಶಿರೀನ್.

ತಾಯಂದಿರೇ, ಅಣ್ಣತಮ್ಮಂದಿರೇ, ಯಾರದೋ ದನಿ ಫೋನಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಮನೆಯ ಹುಡುಗ ಮಾತು ಬಿಟ್ಟು ಹೊರಡಲು ಸಿದ್ಧನಾದರೆ ಬೈಯುತ್ತ ಕೂರಬೇಡಿ, ಒಬ್ಬರೇ ತಡೆಯಲೂ ಹೋಗಬೇಡಿ. ನಿಮ್ಮ ಬೀದಿಯ ಶಾಂತಿ ಕಚೇರಿಗೆ ಆ ಕ್ಷಣವೇ ಫೋನು ಮಾಡಿ. ಇಗ್ಸಾನ್‌ಗಾಗಿ ಹಾಗೆ ಫೋನು ಮಾಡುವ ಅವಕಾಶ ನಮಗೆ ಸಿಗಲಿಲ್ಲ. ನಿಮಗೆ ಸಿಕ್ಕರೆ, ದೇವರ ಮೇಲಾಣೆ, ಬಿಡಬೇಡಿ.