ಇರುವೆಯ ಸೀಸೆ

"ಫಾರ್ಮಿಕ್ ಆಮ್ಲ ಒಂದು ಸೀಸೆ ಬೇಕಿತ್ತಲ್ಲಣ್ಣ," ಎಂದು ವಿಭಾಗದ ಮೇಡಂ ಬಾಗಿಲಲ್ಲಿ ನಿಂತು ಕೇಳುವಷ್ಟರಲ್ಲಿ ಸೀಸೆಯಣ್ಣ ಸ್ಟೂಲಿನಿಂದ ಎದ್ದಾಗಿತ್ತು.

ಕಾಲೇಜಿನ ರಾಸಾಯನಿಕಗಳ ಉಗ್ರಾಣ ಮೂವತ್ತೊಂದು ವರ್ಷದಿಂದ ಅವನದೇ. ಅಕ್ಷರಮಾಲೆ ಎಂದರೆ ಅವನಿಗೆ ಅಷ್ಟಕ್ಕಷ್ಟೆ. ಸೀಸೆಗಳನ್ನು ಅವುಗಳ ಹೆಸರು ಎಲ್ಲಿ ಹುಟ್ಟಿತೋ ಅಲ್ಲಿ ಇಟ್ಟಿದ್ದ. ಎಡಗೋಡೆ ಅಡುಗೆಮನೆ: ಬೆಣ್ಣೆಯಿಂದ ಹೆಸರು ಪಡೆದ ಬ್ಯುಟಿರಿಕ್, ವಿನೆಗರಿನಿಂದ ಪಡೆದ ಅಸಿಟಿಕ್. ಕಿಟಕಿಯ ಕೆಳಗೆ ಮೇಕೆದೊಡ್ಡಿ, ಅಲ್ಲಿ ಮೇಕೆಯಿಂದ ಹೆಸರು ಪಡೆದ ಕ್ಯಾಪ್ರೋಯಿಕ್. ಮುಚ್ಚಳ ಸಡಿಲವಾಗಿ ವಾಸನೆ ಬಂದರೆ ಆ ಹೆಸರು ಯಾಕೆ ಬಂತೆಂದು ಯಾರೂ ಕೇಳಬೇಕಿರಲಿಲ್ಲ. ಆಚೆಗೆ ಸೇಬಿನ ತೋಟ, ಮ್ಯಾಲಿಕ್. ಮೂಲೆಯ ಕಪಾಟಿನಲ್ಲಿ ಇರುವೆಗೂಡು. ಫಾರ್ಮಿಕಾ ಎಂದರೆ ಲ್ಯಾಟಿನ್ನಿನಲ್ಲಿ ಇರುವೆ. ಹಿಂದೆ ಯಾರೋ ಪುಣ್ಯಾತ್ಮರು ಇರುವೆಗಳನ್ನೇ ರಾಶಿ ಹಾಕಿ, ಬಟ್ಟಿ ಇಳಿಸಿ ಈ ಆಮ್ಲ ತೆಗೆದಿದ್ದರಂತೆ.

ಎರಡು ವರ್ಷದಿಂದ ಅವನ ಕಣ್ಣಿಗೆ ಮಂಜು ಕವಿಯುತ್ತ ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಬೀಗದ ಕೈ ಕೊಟ್ಟು ಮನೆಗೆ ಹೋಗಬೇಕು. ಕಣ್ಣು ಹೋಗುವುದಕ್ಕಿಂತ ಈ ಕೋಣೆ ಕೈತಪ್ಪುವುದೇ ಅವನಿಗೆ ದೊಡ್ಡ ಭಯವಾಗಿತ್ತು.

ಅವನು ನಡೆದ. ಮಂಜಿನೊಳಗೆ ಎಡಕ್ಕೆ ಎಲ್ಲೋ ಬೆಣ್ಣೆ ಕರಗುತ್ತಿತ್ತು. ಮೇಕೆಗಳು ಮೊಣಕಾಲಿಗೆ ಮೈ ಉಜ್ಜಿ ದಾರಿ ಬಿಟ್ಟವು. ಹುಲ್ಲಿನ ಮೇಲೆ ಒಂದು ಸೇಬು ಬಿದ್ದ ಸದ್ದಾಯಿತು. ಕೈ ನೀಡಿದ, ಸೀಸೆ ಬೆರಳಿಗೆ ಸಿಕ್ಕಿತು.

ತಂದುಕೊಟ್ಟು ಬೆರಳು ಝಾಡಿಸಿ ಉಫ್ ಎಂದು ಊದಿಕೊಂಡ. "ಕಚ್ತು!" ಇರುವೆಯ ಸೀಸೆ ಕೊಡುವಾಗೆಲ್ಲ ಅದೇ ತಮಾಷೆ. ಇಪ್ಪತ್ತು ವರ್ಷದ ಹಿಂದೆ, ರಸಾಯನಶಾಸ್ತ್ರ ತಲೆಗೆ ಹತ್ತದೆ ಅಳುತ್ತ ನಿಂತಿದ್ದ ಇದೇ ಮೇಡಂ ಆ ತಮಾಷೆಗೆ ನಕ್ಕಿದ್ದಳು. ಆಮೇಲೆ ಫಾರ್ಮಿಕ್ ಎಂಬ ಹೆಸರನ್ನು ಅವಳು ಮರೆತದ್ದೇ ಇಲ್ಲ.

ಇವತ್ತು ನಗಲಿಲ್ಲ. ಸೀಸೆಯ ಮೇಲೆ ಅಸಿಟಿಕ್ ಎಂದಿತ್ತು.

"ಅಣ್ಣ, ಮೇಜಿನ ಮೇಲೆ ಚೀಟಿ ಇಟ್ಟಿದ್ದೆ. ನೋಡ್ಲಿಲ್ವಾ?"

"ನೋಡ್ದೆನಲ್ಲ."

"ಏನಂತ ಬರ್ದಿತ್ತು?"

ಅವನು ಮೇಜಿನ ಮೇಲೆ ಕೈಯಾಡಿಸಿದ. ಚೀಟಿ ಅವನ ಊಟದ ಡಬ್ಬಿಯ ಅಡಿಯಲ್ಲಿತ್ತು, ಎಣ್ಣೆ ಹೀರಿಕೊಂಡು. ಅದರಲ್ಲಿ ಬೆರಳುದ್ದದ ಕೆಂಪಕ್ಷರ: ಮೂಲೆಯ ಕಪಾಟು ಬದಲಾಗಿದೆ, ಹೆಸರು ಓದಿ ತೆಗೆಯಿರಿ. ಆಮ್ಲಗಳನ್ನು ಕಥೆಗೆ ತಕ್ಕಂತಲ್ಲ, ಗುಣಕ್ಕೆ ತಕ್ಕಂತೆ ಇಡಬೇಕೆಂದು ಸುರಕ್ಷತೆಯವರು ಹೇಳಿ ಹೋಗಿದ್ದರು. ಅವನು ಊಟಕ್ಕೆ ಹೋದಾಗ ಅವಳೇ ಶುರು ಮಾಡಿ, ಇರುವೆಯ ಜಾಗಕ್ಕೆ ಅಸಿಟಿಕ್ ತಂದಿಟ್ಟಿದ್ದಳು.

"ಎಷ್ಟು ದಿನ ಆಯ್ತಣ್ಣ, ಕಣ್ಣು?"

"ಎರಡು ವರ್ಷ."

"ಅಯ್ಯೋ, ಮಕ್ಕಳ ಕೈಗೆ ತಪ್ಪು ಸೀಸೆ ಹೋಗಿದ್ರೆ?" ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

"ಹೋಗಿಲ್ಲ ಕಣಮ್ಮ. ಎಲ್ಲಾ ಅದರದರ ಜಾಗದಲ್ಲೇ ಇರ್ತಿತ್ತು." ಮತ್ತೆ ಅವನೇ ಹೇಳಿದ, "ಇವತ್ತು ಹೋಯ್ತು."

ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. ಬೇಡ, ಇಟ್ಟುಕೊಳ್ಳಿ ಎಂಬ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂತು. ಅನ್ನಲಿಲ್ಲ. ಎತ್ತಿಕೊಂಡಳು. ಅದು ಅವನ ಮೈಯ ಬಿಸಿಗೆ ಬೆಚ್ಚಗಿತ್ತು.

"ನಾಳೆಯಿಂದ ಬರ್ಲಾ, ಬೇಡ್ವಾ?"

"ಬನ್ನಿ. ಸೀಸೆ ಮುಟ್ಟೋ ಹಾಗಿಲ್ಲ, ಅಷ್ಟೆ. ಹೆಸರಿನ ಕಥೆ ಹೇಳೋರು ಬೇರೆ ಯಾರಿದ್ದಾರೆ ಇಲ್ಲಿ?" ಅದಕ್ಕೆ ಸಂಬಳ ಕೊಡುವ ಕಾಲೇಜು ಯಾವುದೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವಳು ಅವನ ಮಣಿಕಟ್ಟು ಹಿಡಿದು ಎದುರುಗೋಡೆಯ ಹೊಸ ಕಪಾಟಿನವರೆಗೆ ನಡೆಸಿದಳು. ಅಡುಗೆಮನೆಯಿಲ್ಲ, ತೋಟವಿಲ್ಲ, ಬರೀ ಮಂಜು. ಅವನ ಅಂಗೈಯನ್ನು ತಣ್ಣನೆಯ ಗಾಜಿನ ಮೇಲಿಟ್ಟಳು.

"ಇರುವೆ ಇಲ್ಲಿಗೆ ಬಂದಿದೆ ನೋಡಿ."

ಅವನು ಮುಚ್ಚಳವನ್ನು, ಕೊರಳನ್ನು, ಅಂಟಿಸಿದ ಕಾಗದದ ಅಂಚನ್ನು ನಿಧಾನಕ್ಕೆ ಸವರಿದ. ಆಮೇಲೆ ಬೆರಳು ಎತ್ತಿ, ಝಾಡಿಸಿ, ತುಟಿಯ ಹತ್ತಿರ ತಂದು ಊದಿಕೊಂಡ.