ಪಕ್ಕದವಳ ಬಾಣ

ಯೇಚೋನ್ ಊರಿನ ಶಾಲಾ ಬಿಲ್ಲುಗಾರಿಕೆ ತಂಡದಲ್ಲಿ ದಾಸೊಮ್‌ಗೂ ಅವಳಿಗಿಂತ ಒಂದು ತರಗತಿ ಮೇಲಿದ್ದ ಹೇರಿಮ್‌ಗೂ ಎಣ್ಣೆ ಸೀಗೇಕಾಯಿ. ಒಬ್ಬೊಬ್ಬರೇ ಬಾಣ ಬಿಡುವ ಆಟಕ್ಕೆ ಒಗ್ಗಟ್ಟು ಯಾಕೆ ಬೇಕು ಎನ್ನುವುದು ದಾಸೊಮ್‌ಳ ವಾದ. ಇಬ್ಬರ ಮುಖ ನೋಡಿ ಬೇಸತ್ತ ಕೋಚ್ ಗುಕ್ ಒಂದು ದಿನ ಹೊಸ ಕಾನೂನು ಹೊರಡಿಸಿದರು.

"ಇವತ್ತಿಂದ ಯಾರೂ ತಮ್ ಬಾಣ ತಾವೇ ಕೀಳೋ ಹಂಗಿಲ್ಲ. ಪಕ್ಕದವಳದ್ದನ್ನ ಕಿತ್ತು ತಂದ್ಕೊಡ್ಬೇಕು."

"ನಾನೇನು ಈ ಅಕ್ಕನ ಮನೆ ಆಳಾ, ಸರ್?" ದಾಸೊಮ್ ಸಿಡುಕಿದಳು.

"ಹೌದಮ್ಮ. ಅವಳು ನಿಮ್ಮನೆ ಆಳು. ಸರಿಹೋಯ್ತಲ್ಲ?"

ಗೊಣಗುತ್ತಲೇ ಬಾಣ ಕೀಳತೊಡಗಿದ ದಾಸೊಮ್‌ಗೆ ವಾರದಲ್ಲೇ ಒಂದು ಗುಟ್ಟು ಸಿಕ್ಕಿತು. ಸುಸ್ತಾದಾಗಲೆಲ್ಲ ಹೇರಿಮ್‌ಳ ಬಾಣಗಳು ನಡುವಿನ ಹಳದಿ ವೃತ್ತ ಬಿಟ್ಟು ಕೆಳಗಿಳಿಯುತ್ತಿದ್ದವು. ದಾಸೊಮ್‌ಳ ಬಾಯಿ ಸುಮ್ಮನಿರಲಿಲ್ಲ.

"ಅಕ್ಕಾ, ನಿನ್ ಮೊಣಕೈ ಇಳೀತಿದೆ."

"ನೀನು ಗಾಳಿ ಬಂದ್ರೆ ಅವಸರ ಪಡ್ತೀಯ," ಎಂದಳು ಹೇರಿಮ್. ಅವತ್ತು ಶುರುವಾದ ಹರಟೆ ಮತ್ತೆ ನಿಲ್ಲಲಿಲ್ಲ.

ಪ್ರಾಂತ್ಯದ ಪಂದ್ಯಾವಳಿಯ ಫೈನಲ್‌ನಲ್ಲಿ ಇವರಿಬ್ಬರೇ ಎದುರುಬದುರಾದರು. ದಾಸೊಮ್ ಒಂದೇ ಅಂಕದಿಂದ ಸೋತಳು. ಅಂಕ ಬರೆದಾದ ಮೇಲೆ ಅವಳು ಸೀದಾ ಹೇರಿಮ್‌ಳ ಗುರಿಹಲಗೆಗೆ ಹೋಗಿ ಬಾಣ ಕೀಳತೊಡಗಿದಳು. ಹೇರಿಮ್ ಆಗಲೇ ಇವಳ ಬಾಣಗಳಿಗೆ ಕೈಹಾಕಿದ್ದಳು.

ತೀರ್ಪುಗಾರ ಸೀಟಿ ಊದಿದ. "ಏಯ್, ಅದು ಎದುರಾಳಿ ಬಾಣ ಕಣಮ್ಮಾ!"

ದಾಸೊಮ್ ತಬ್ಬಿಬ್ಬಾಗಿ ಸುತ್ತ ನೋಡಿದಳು. "ಎದುರಾಳಿನಾ? ಯಾರ್ ಸಾರ್ ಅದು?"