ಬಳೆಗಾಜಿನ ಹಸಿರು

ಬಿಂದುಮಾಧವನ ಆರು ದಿನ ಸರಕಾರಕ್ಕೆ, ಏಳನೆಯದು ಭಟ್ಟಿಗೆ. ಧಾರವಾಡದ ಒಂದು ಕಚೇರಿಯಲ್ಲಿ ಅವನು ಗುಮಾಸ್ತ. ಹತ್ತೂವರೆಗೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಸಂಜೆಯವರೆಗೆ ಕಾಗದ ನಕಲು ಮಾಡುತ್ತಿದ್ದ, ಆದರೆ ತಲೆಯಲ್ಲಿ ಓಡುತ್ತಿದ್ದದ್ದು ಮಣ್ಣಿನ ಪಾತ್ರೆಗೆ ಹಚ್ಚುವ ಮೆರುಗು. ಹಿತ್ತಲಲ್ಲಿ ಇಟ್ಟಿಗೆಯ ಪುಟ್ಟ ಭಟ್ಟಿ ಕಟ್ಟಿಕೊಂಡು ನಾಲ್ಕು ವರ್ಷದಿಂದ ಪ್ರತಿ ರವಿವಾರ, ಪರೀಕ್ಷೆಗೆಂದು, ಮೆರುಗು ಹಚ್ಚಿದ ಮಣ್ಣಿನ ಬಿಲ್ಲೆಗಳನ್ನು ಸುಡುತ್ತಿದ್ದ. ಒಂದು ಬಿಲ್ಲೆಗೆ ಗುಳ್ಳೆ ಏಳುತ್ತಿತ್ತು, ಇನ್ನೊಂದು ಬಿರುಕು ಬಿಡುತ್ತಿತ್ತು, ಉಳಿದವು ಕೆಸರಿನ ಬಣ್ಣಕ್ಕೆ ತಿರುಗುತ್ತಿದ್ದವು. ಓಣಿಯವರು ಬೆನ್ನ ಹಿಂದೆ ‘ಕುಂಬಾರ ಆಚಾರ್ಯ’ ಎನ್ನುವುದು ಅವನಿಗೂ ಗೊತ್ತಿತ್ತು. ಒಳಗೊಳಗೆ ಸ್ವಲ್ಪ ಹೆಮ್ಮೆಯೇ ಆಗುತ್ತಿತ್ತು.

ಬಣ್ಣಕ್ಕೆ ಅವನು ಕಂಡುಕೊಂಡ ದಾರಿ ಗಾಜಿನ ಬಳೆ. ಬಳೆ ಮಾರುವ ಗುಲ್ಜಾರಬಿ ಕೊಟ್ಟ ಒಡಕು ಚೂರುಗಳನ್ನು ಹಿಟ್ಟಿನಂತೆ ಅರೆದು, ಬಿಳಿಗಾರ ಬೆರೆಸಿ ಹಚ್ಚಿದರೆ ಬೆಂಕಿಯಲ್ಲಿ ಕರಗಿ ಹೊಳೆಯುತ್ತಿತ್ತು. ಆದರೆ ಅವಳ ಬುಟ್ಟಿಯದು ನೂರೆಂಟು ಬಳೆಯ ಬೆರಕೆ, ಬಣ್ಣ ನಿಲ್ಲುತ್ತಿರಲಿಲ್ಲ. ಒಂದೇ ಒಂದು ಸಲ, ಅತ್ತಿಗೆ ತಾರಾಬಾಯಿಯ ಕೈಯಿಂದ ಕಳಚಿ ಬಿದ್ದ ಹಸಿರು ಬಳೆಯ ಚೂರು ಹಾಕಿದಾಗ, ಬಿಲ್ಲೆ ಎಳೆ ಜೋಳದ ಹೊಲದಂತೆ ಹಸಿರಾಗಿ ಹೊರಬಂತು.

ಅದನ್ನು ಹಿಡಿದುಕೊಂಡು ಅಡಿಗೆಮನೆಗೇ ಓಡಿದ. ‘ವೈನಿ, ಇನ್ನಷ್ಟು ಒಡದ್ರ ನನಗ ಕೊಡ್ರಿ. ಒಂದು ಬಟ್ಟಲಕ್ಕ ಎರಡೂ ಕೈಯಾನವು ಬೇಕಾಗ್ತಾವ.’

ಮುತ್ತೈದೆಯ ಬಳೆ ಒಡೆಯಲಿ ಎಂದು ಯಾರಾದರೂ ಬಾಯಿಬಿಟ್ಟು ಕೇಳುತ್ತಾರೆಯೇ? ಈ ಮಹಾನುಭಾವ ಕೇಳಿದ. ತಾರಾಬಾಯಿಯ ಮುಖ ಸಣ್ಣದಾಯಿತು. ಅವಳ ಗಂಡ, ಸಾಲಿಮಾಸ್ತರ ವೆಂಕಣ್ಣ, ಹೊಟ್ಟೆ ಹಿಡಿದುಕೊಂಡು ನಕ್ಕ. ‘ನನ್ನ ತಮ್ಮ ಹುಚ್ಚ ಅದಾನ, ಮನಸ್ಸಿಗೆ ಹಚ್ಕೋಬ್ಯಾಡ,’ ಎಂದ.

ಎರಡು ತಿಂಗಳೊಳಗೆ ವೆಂಕಣ್ಣ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡ.

ಹತ್ತನೆಯ ದಿನ ಹಿತ್ತಲ ಬಾವಿಯ ಹತ್ತಿರ ಹಿರಿಯ ವಿಧವೆಯರು ತಾರಾಬಾಯಿಯ ಬಳೆ ಒಡೆದು ಅವಳನ್ನು ಒಳಗೆ ಕರೆದುಕೊಂಡು ಹೋದರು. ಒಳಗಿನ ಅಳು ಇನ್ನೂ ಕೇಳುತ್ತಿತ್ತು. ಬಿಂದುಮಾಧವ ಕೈ ತೊಳೆಯುವ ನೆವದಿಂದ ಹೊರಗೆ ಬಂದ. ಚೂರುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ನೀರು ತುಂಬಬೇಕಾದ ಕಣ್ಣು ಅಳತೆ ನೋಡಿತು: ಒಂದು ಬಟ್ಟಲಿಗೆ ಧಾರಾಳ, ಎರಡಕ್ಕೂ ಆದೀತು. ಎಲ್ಲವನ್ನೂ ಧೋತರದ ಚುಂಗಿಗೆ ಬಳಿದುಕೊಂಡ. ಅಣ್ಣನ ದಿನಕರ್ಮಕ್ಕೆಂದು ಕಚೇರಿಯಿಂದ ಪಡೆದ ರಜೆಯಲ್ಲಿ, ಕರ್ಮವೆಲ್ಲ ಮುಗಿದ ಮೇಲೂ ಹನ್ನೊಂದು ದಿನ ಉಳಿದಿದ್ದವು. ಅಷ್ಟನ್ನೂ ಭಟ್ಟಿಯ ಪಕ್ಕದ ತಗಡಿನ ಚಪ್ಪರದಲ್ಲಿ ಕುಟ್ಟುತ್ತ, ಅರೆಯುತ್ತ ಕಳೆದ.

ಬಟ್ಟಲು ಬಂತು. ಗುಳ್ಳೆಯಿಲ್ಲ, ಬಿರುಕಿಲ್ಲ, ನಾಲ್ಕು ವರ್ಷ ಕನಸಿನಲ್ಲಿ ಕಂಡ ಹಸಿರು. ಅದನ್ನು ಎರಡು ಸಲ ನೋಡುವ ಧೈರ್ಯ ಅವನಿಗಾಗಲಿಲ್ಲ. ಹಳೆಯ ಟವೆಲಿನಲ್ಲಿ ಸುತ್ತಿ ಅಟ್ಟದ ಮೂಲೆಗೆ ತಳ್ಳಿದ. ಮುಂದಿನ ರವಿವಾರ ಭಟ್ಟಿ ಹೊತ್ತಿಸಲಿಲ್ಲ, ಅದರ ಮುಂದಿನ ರವಿವಾರವೂ ಇಲ್ಲ. ಕಚೇರಿಯಲ್ಲಿ ಕಾಗದ ತಪ್ಪು ಬರೆದು ಬೈಸಿಕೊಂಡ. ಕೇಳಿದ ಬಾಯಿ ತನ್ನದು, ಆರಿಸಿದ ಕೈ ತನ್ನದು. ಇನ್ನು ಯಾರನ್ನು ಬೈಯಬೇಕು? ಅಷ್ಟಾದರೂ ಉಳಿದ ಅರ್ಧ ಪುಡಿಯನ್ನು ಚೆಲ್ಲಲಿಲ್ಲ, ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟ. ಆಸೆ ಇನ್ನೂ ಸತ್ತಿರಲಿಲ್ಲ. ಅದಕ್ಕೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ.

ಎಂಟು ತಿಂಗಳು ಕಳೆದವು. ಒಂದು ದಿನ ಬೆಳಿಗ್ಗೆ ಅವನು ಕಚೇರಿಗೆ ಹೊರಡುವ ಮುಂಚೆ ಊಟಕ್ಕೆ ಕೂತಿದ್ದಾಗ ತಾರಾಬಾಯಿ ಮೊಸರು ತಂದಳು. ತಂದದ್ದು ಅದೇ ಬಟ್ಟಲಿನಲ್ಲಿ.

‘ಅಟ್ಟ ಝಾಡಿಸುವಾಗ ಸಿಕ್ತು. ಇಷ್ಟು ಛಲೋ ಆಗೇದ, ಯಾಕ ಮುಚ್ಚಿಟ್ಟಿದ್ದಿ? ನೋಡಿದ್ರ ಕಣ್ಣು ತಣ್ಣಗಾಗ್ತಾವ,’ ಎಂದಳು.

ಹಸಿರು ಬಟ್ಟಲು, ಅದನ್ನು ಹಿಡಿದ ಬರಿಗೈ. ಬಿಂದುಮಾಧವ ಕಲಸಿದ ತುತ್ತನ್ನು ಎಲೆಯಲ್ಲೇ ಬಿಟ್ಟ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಇನ್ನು ದಿನಾ ಅದೇ ಕೈಯಿಂದ, ಅದೇ ಬಟ್ಟಲಿನಿಂದ ಬಡಿಸಿಕೊಂಡು ಉಣ್ಣುವುದು ಅವನಿಂದ ಆಗುವಂತಿರಲಿಲ್ಲ.

‘ವೈನಿ, ಅದು ನಿಮ್ಮ ಬಳೀ. ಅವತ್ತು ಬಾವಿ ಹತ್ರ ಆರಿಸಿಕೊಂಡೆ.’

ತಾರಾಬಾಯಿ ಬಟ್ಟಲನ್ನು ಮೆಲ್ಲಗೆ ನೆಲಕ್ಕಿಟ್ಟಳು.

‘ಎಲ್ಲಾ ಇದಕ್ಕಽ ಹತ್ತಿದ್ವೇನು?’

ಹೌದು ಎಂದರೆ ಡಬ್ಬಿ ಉಳಿಯುತ್ತಿತ್ತು. ಆ ಹಸಿರು ಇನ್ನೊಮ್ಮೆ ಸಿಗುವುದಿದ್ದರೆ ಆ ಡಬ್ಬಿಯಿಂದ ಮಾತ್ರ.

‘ಅರ್ಧ ಉಳದದ ವೈನಿ.’

‘ತಂದುಕೊಡು. ನನ್ನವು ನನ್ನ ಹತ್ರ ಇರ್ಲಿ.’

ಎಂಜಲುಗೈ ತೊಳೆದುಕೊಂಡು ಹೋಗಿ ತಂದುಕೊಟ್ಟ. ಅವಳು ಆತುರದಿಂದ ಮುಚ್ಚಳ ತೆಗೆದಳು. ಒಳಗಿದ್ದದ್ದು ಜೋಳದ ಹಿಟ್ಟಿನಂಥ ಬಿಳಿಚು ಪುಡಿ. ಬೆರಳಾಡಿಸಿ ನೋಡಿದಳು.

‘ಒಂದು ಚೂರೂ ಇಲ್ಲಲ್ಲೋ. ಹಸಿರು ಎಲ್ಲಿ?’

‘ಸಣ್ಣಗ ಅರದ್ರ ಬಣ್ಣ ಹೋಗ್ತದ ವೈನಿ. ಬೆಂಕ್ಯಾಗ ಮತ್ತ ಬರ್ತದ.’

‘ಅವರು ಹೋದ ಮ್ಯಾಲೆ ದಿನಾ ಚಪ್ಪರದಾಗ ಕುಟ್ಟತಿದ್ದೆಲ್ಲಾ, ಇದನ್ನೇನು?’

ಬಿಂದುಮಾಧವ ತಲೆಯಾಡಿಸಿದ.

‘ನಾ ಕೋಣ್ಯಾಗ ಬಿದ್ಕೊಂಡು ಆ ಸಪ್ಪಳಾ ಕೇಳ್ತಿದ್ದೆ. ಅಣ್ಣನ ಸಂಕಟಾ ತಡೀಲಾರದ ಹೀಂಗ ಕುಟ್ಟತಾನ ಅನ್ಕೊಂಡಿದ್ದೆ. ನನ್ನ ಜೋಡಿ ಅಂವನೂ ನೋಯಲಿಕ್ಕತ್ತಾನ ಅಂತ ಒಂದು ಧೈರ್ಯ ಆಗಿತ್ತು ನನಗ.’ ಅವಳು ಮುಚ್ಚಳ ಹಾಕಿದಳು. ‘ಖರೇ ಹೇಳು ಬಿಂದು. ಆಗ ಒಂದು ಸಲನಾದ್ರೂ ಅವರು ನೆನಪಾಗಿದ್ರೇನು?’

ಏನಾದರೊಂದು ಹೇಳಿ ಅವಳನ್ನು ಸಮಾಧಾನ ಮಾಡಬಹುದಿತ್ತು. ಅವನು ಆ ದಿನಗಳನ್ನು ಮನಸ್ಸಿನಲ್ಲೇ ತಡಕಾಡಿದ. ಪುಡಿ ಬಟ್ಟೆಯಿಂದ ಸೋಸಿ ಇಳಿಯುತ್ತದೆಯೋ ಇಲ್ಲವೋ ಎಂಬ ಚಿಂತೆಯೊಂದನ್ನು ಬಿಟ್ಟು ಬೇರೇನೂ ಸಿಗಲಿಲ್ಲ.

‘ಇಲ್ಲ ವೈನಿ,’ ಎಂದ.

ತಾರಾಬಾಯಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.